ನಾಲ್ಕು ಊರಲ್ಲಿ ವಿಚಾರಿಸಿದ ಗಂಡು

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಬರೆದು ಪಳಗಿದವನಲ್ಲ. ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ನನಗೆ ಇಪ್ಪತ್ತೆಂಟು ವರ್ಷ. ಪರೀಕ್ಷೆಯ ಕೋಣೆಗೆ ಕಾಲಿಟ್ಟಾಗ ಹುಡುಗರೆಲ್ಲ ಹೊಸ ಮೇಷ್ಟ್ರು ಬಂದರು ಅಂತ ಎದ್ದು ನಿಂತಿದ್ದರು. ನಾನೂ ಕಕ್ಕಾಬಿಕ್ಕಿಯಾಗಿ ‘ಕೂತ್ಕೊಳ್ಳಿ’ ಅಂದುಬಿಟ್ಟಿದ್ದೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒತ್ತಕ್ಷರ ಬಂದಾಗ ರಸ್ತೆ ಉಬ್ಬು ಬಂದ ಹಾಗೆ ನಿಧಾನ ಮಾಡುತ್ತೇನೆ, ಆದರೂ ಕೆಲವು ಕಡೆ ಎಗರಿಬಿಡುತ್ತದೆ. ತಪ್ಪಿದ್ದರೆ ಮನ್ನಿಸಿ, ನಿಮ್ಮ ಮನೆಯವನೇ ಅಂದುಕೊಂಡು ಓದಿ.

ಹೋದ ಭಾನುವಾರ ಬೆಳಿಗ್ಗೆ ನನ್ನ ಮಗಳು ಒಂದು ಕಿತಾಪತಿ ಮಾಡಿದಳು. ಅವಳೀಗ ಎಂಟನೇ ಕ್ಲಾಸು. ನಾನು ಲಗೇಜ್ ಗಾಡಿ ಓಡಿಸುವವನು. ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಬಿಡದ ಹಾಗೆ ಫೋನು ಬರುತ್ತದೆ. ಆ ದಿನ ಸಾಲಾಗಿ ನಾಲ್ಕು ಬಂದವು. ಅವಳು ಬಾಗಿಲ ಹಿಂದೆ ನಿಂತು ನಾಲ್ಕರಲ್ಲೂ ನಾನು ಆಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ತಿಂಡಿ ತಿನ್ನುವಾಗ ಜೋರಾಗಿ ಹಾಕಿದಳು. ಮೊದಲನೆಯದರಲ್ಲಿ ಯಾವನೋ ತೆಲುಗಿನಲ್ಲಿ ಕಿಸಕಿಸ ನಗುತ್ತಾ ಯಾರದೋ ಕಾಲೆಳೆಯುತ್ತಿದ್ದ. ಎರಡನೆಯವನು ಉರ್ದುವಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಮೂರನೆಯವನು ಅರಚುತ್ತಿದ್ದ, ಫೋನೇ ಬೇಕಾಗಿರಲಿಲ್ಲ. ನಾಲ್ಕನೆಯವನು ‘ಯೆಸ್ ಸಾರ್, ಓಕೆ ಸಾರ್’ ಎಂಬ ನಾಲ್ಕೇ ಪದದಲ್ಲಿ ಎರಡು ನಿಮಿಷ ಕಳೆದ.

“ಅಪ್ಪಾ, ಇವರಲ್ಲಿ ನಮ್ಮಪ್ಪ ಯಾರು?” ಅಂದಳು ಮಗಳು.

ನನಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ಒಳಗಿನಿಂದ ನನ್ನ ಹೆಂಡತಿ ಸರೋಜ, “ನಮ್ಮ ಸೋದರಮಾವ ಕೇಳಿದ್ದೂ ಇದನ್ನೇ ಕಣೇ. ಅದಕ್ಕೇ ನಮ್ಮ ಮದುವೆ ನಿಂತೋಗೋದ್ರಲ್ಲಿತ್ತು” ಅಂದಳು. ಅಲ್ಲಿಂದ ಈ ನೆನಪು ಬಿಚ್ಚಿಕೊಂಡಿತು. ನೀವೂ ಬನ್ನಿ, ಕ್ಯಾಬಿನ್ನಿನಲ್ಲಿ ಜಾಗವಿದೆ.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡನ್ನು ‘ವಿಚಾರಿಸುವುದು’ ಅಂತ ಒಂದು ಪದ್ಧತಿ. ಎದುರಿಗೆ ಕೂತು ಕೇಳುವುದಲ್ಲ. ಗಂಡಿನವರಿಗೆ ತಿಳಿಯದ ಹಾಗೆ ಅವನು ಓಡಾಡುವ ಕಡೆಗೆಲ್ಲ ಹೋಗಿ, ಟೀ ಅಂಗಡಿಯಲ್ಲೋ ಕಟಿಂಗ್ ಶಾಪಿನಲ್ಲೋ ಕೂತು, ‘ಇಲ್ಲಿ ಯಾರದೋ ಹಸು ಮಾರಾಟಕ್ಕಿದೆಯಂತೆ’ ಅಂತ ಶುರು ಮಾಡಿ, ಹಸುವಿನಿಂದ ಮೆಲ್ಲಗೆ ಹುಡುಗನ ಹತ್ತಿರ ಬರುವುದು. ಊರವರಿಗೆ ಕಂಡ ಕೂಡಲೇ ಗೊತ್ತಾಗುತ್ತದೆ. ಹಸು ಕೊಳ್ಳಲು ಬಂದವನು ಇಸ್ತ್ರಿ ಮಾಡಿದ ಪಂಚೆ ಉಟ್ಟಿರುವುದಿಲ್ಲವಲ್ಲ. ಆದರೂ ಯಾರೂ ಗೊತ್ತಾಯಿತು ಅನ್ನುವುದಿಲ್ಲ. ಅದೂ ಪದ್ಧತಿಯೇ.

ಆಗ ನನಗೆ ಮೂವತ್ತೊಂದು. ಊರು ಕೋಲಾರದ ಕಡೆ ಹುತ್ತೂರಿನ ಪಕ್ಕ, ಮನೆಯಲ್ಲಿ ನಾನು ಮತ್ತು ಅಮ್ಮ. ಅದಕ್ಕೆ ಮುಂಚೆ ಎರಡು ಸಂಬಂಧ ಬಂದು ಮುರಿದಿದ್ದವು. ಒಂದು ಕಡೆಯವರು ‘ಹುಡುಗ ಜಗಳಗಂಟನಂತೆ’ ಅಂದರು. ಇನ್ನೊಂದು ಕಡೆಯವರು ‘ಹುಡುಗನಿಗೆ ಮಾತೇ ಬರಲ್ಲವಂತೆ’ ಅಂದರು. ಎರಡೂ ನನ್ನ ಬಗ್ಗೆಯೇ ಅಂತ ನಂಬಲು ಅಮ್ಮನಿಗೆ ತುಂಬಾ ಕಷ್ಟವಾಗಿತ್ತು.

ಮೂರನೆಯದು ರಾಯಲ್ಪಾಡಿನ ಸರೋಜ. ನೋಡಲು ಹೋದಾಗ ಎಲ್ಲರೂ ಕೇಳುವ ಹಾಗೆ ಗಾಡಿ ಸ್ವಂತದ್ದಾ, ಕಂತು ಎಷ್ಟಿದೆ ಅಂತ ಅವಳು ಕೇಳಲಿಲ್ಲ. ಕಾಫಿ ಲೋಟ ಕೊಟ್ಟು, “ಗಾಡೀಲಿ ಓದ್ಕೊಂಡು ಪಾಸಾದ್ರಂತೆ. ಯಾವ ಪಾಠ ಇಷ್ಟ ಆಯ್ತು?” ಅಂದಳು. ಆ ವಯಸ್ಸಿನವರೆಗೆ ನಾನು ಓದಿದ್ದನ್ನು ಕೇಳಿ ನಕ್ಕವರಿದ್ದರು, ಬೆನ್ನು ತಟ್ಟಿದವರೂ ಇದ್ದರು. ಪಾಠ ಯಾವುದು ಅಂತ ಕೇಳಿದವರಿರಲಿಲ್ಲ. ನಾನು ಗಡಿಬಿಡಿಯಲ್ಲಿ ಕಾಫಿ ಕುಡಿದು ಖಾಲಿ ಲೋಟ ವಾಪಸು ಕೊಟ್ಟೆ. ಆದರೆ ಈ ಹುಡುಗಿ ಕೈತಪ್ಪಿದರೆ ಇನ್ನು ಬೇರೆ ಹೆಣ್ಣು ನೋಡಲು ಹೋಗುವುದಿಲ್ಲ ಅಂತ ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಧೂಳು ಅಂದರು.

ಸರೋಜಳಿಗೆ ತಂದೆ ಇರಲಿಲ್ಲ. ಎಲ್ಲದಕ್ಕೂ ಸೋದರಮಾವ ಮುನಿವೆಂಕಟಪ್ಪನವರೇ. ಅವರು ಪೋಸ್ಟ್‌ಮ್ಯಾನ್ ಆಗಿ ನಿವೃತ್ತಿಯಾದವರು. ಅರ್ಧ ಅಳಿಸಿಹೋದ ವಿಳಾಸ ಹಿಡಿದುಕೊಂಡು ಜನರನ್ನು ಪತ್ತೆ ಮಾಡಿದವರು. ಅಂಥವರ ಕೈಗೆ ನನ್ನನ್ನು ವಿಚಾರಿಸುವ ಕೆಲಸ ಬಿತ್ತು.

ಹದಿನೈದು ದಿನದ ಮೇಲೆ ಅವರು ನಮ್ಮ ಮನೆಗೆ ಬಂದರು. ಜೇಬಿನಲ್ಲಿ ಚಿಕ್ಕ ಡೈರಿ. ನೀರು ಕುಡಿದು ಅಮ್ಮನನ್ನು ಕೇಳಿದರು:

“ಏನಮ್ಮಾ, ನಿಮಗೆ ಎಷ್ಟು ಜನ ಗಂಡುಮಕ್ಳು?”

“ಇವನೊಬ್ನೇ ಅಣ್ಣಾ.”

“ನೋಡಿ ಹೇಳಿ. ನಾನು ನಾಲ್ಕು ಜನದ ವಿಷಯ ಬರ್ಕೊಂಡು ಬಂದಿದೀನಿ.”

ಡೈರಿ ಬಿಚ್ಚಿ ಓದಿದರು. ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿಗಳ ಮೇಸ್ತ್ರಿ ಹೇಳಿದ್ದು: “ಅವ್ನಾ? ಅದು ಬಾಯಲ್ಲ ಸಾಮಿ, ಏರ್ ಹಾರನ್ನು. ಅವನ ಹತ್ರ ಜಗಳಕ್ಕೆ ಹೋದೋನು ಟೊಮೆಟೊ ಬಿಟ್ಟು ಓಡೋಗ್ತಾನೆ.” ಶ್ರೀನಿವಾಸಪುರದ ಮಾವಿನ ಮಂಡಿಯ ಗಫೂರ್ ಸಾಬ್ ಹೇಳಿದ್ದು: “ಬಹುತ್ ಶರೀಫ್, ಭಾರಿ ಮರ್ಯಾದಸ್ಥ. ಗಟ್ಟಿಯಾಗಿ ಒಂದು ಮಾತಾಡಿದ್ದು ನಾನು ಕೇಳಿಲ್ಲ. ನನ್ನ ಮಗಳಿಗೇ ನೋಡ್ತಿದ್ದೆ, ಏನ್ಮಾಡೋದು, ಜಾತಿ ಬೇರೆ.” ಮುಳಬಾಗಿಲಿನ ದೋಸೆ ಹೋಟೆಲಿನವರು ಹೇಳಿದ್ದು: “ಅವನು ಬಂದ್ರೆ ನಮ್ಗೆ ಲಾಸು. ಅವನ ತಮಾಷೆ ಕೇಳ್ಕೊಂಡು ನಮ್ಮ ಭಟ್ಟ ದೋಸೆ ಸೀಸಿಬಿಡ್ತಾನೆ.” ಮಾಲೂರಿನ ಒಂದು ಫ್ಯಾಕ್ಟರಿ ಗೇಟಿನ ಕಾವಲುಗಾರ ಹೇಳಿದ್ದು: “ಪಾಪ, ಮೂಗ ಇರ್ಬೇಕು. ಎಲ್ಲಾ ಕೈಸನ್ನೇಲೇ ಮಾಡ್ತಾನೆ. ಒಳ್ಳೆ ಹುಡುಗ, ದೇವರು ಹಂಗೆ ಮಾಡ್ಬಿಟ್ಟ.”

ಮುನಿವೆಂಕಟಪ್ಪನವರು ಡೈರಿ ಮುಚ್ಚಿದರು. “ನಾನು ಮೂವತ್ತು ವರ್ಷ ಟಪಾಲು ಹಂಚಿದೋನು. ಒಂದು ಹೆಸರಿಗೆ ಒಂದು ವಿಳಾಸ ಇರ್ಬೇಕು. ಇದ್ರಲ್ಲಿ ನೀನು ಯಾರಪ್ಪಾ? ಉಳಿದ ಮೂರು ಕಡೆ ಯಾಕೆ ನಾಟಕ?”

ಆ ಪ್ರಶ್ನೆಗೆ ಈಗಾದರೆ ಒಂದಿಷ್ಟು ಹೇಳಬಲ್ಲೆ. ಆಗ ಅವರ ಎದುರಿಗೆ ಕೂತಿದ್ದವನು ಮಾಲೂರಿನ ಮೂಗನೇ.

ನಾನು ನಾಟಕ ಆಡಿದವನಲ್ಲ. ತೆಲುಗು ನನಗೆ ಮುಳಬಾಗಿಲಿನ ಅಜ್ಜಿಯ ಮನೆಯ ಭಾಷೆ. ಆ ಮನೆಯಲ್ಲಿ ಒಬ್ಬನೇ ಮೊಮ್ಮಗ, ಏನು ಹೇಳಿದರೂ ನಗುತ್ತಿದ್ದರು. ತೆಲುಗು ಬಾಯಿಗೆ ಬಂದರೆ ಇವತ್ತಿಗೂ ನನಗೆ ಏಳು ವರ್ಷ. ಉರ್ದು ಕಲಿಸಿದವರು ಗಫೂರ್ ಸಾಬ್. ಅವರ ಮಂಡಿಯಲ್ಲಿ ‘ತೂ’ ಅಂತ ಯಾರನ್ನಾದರೂ ಏಕವಚನದಲ್ಲಿ ಕರೆದರೆ ಆ ದಿನ ಟೀ ಇಲ್ಲ. ಹಾಗಾಗಿ ಆ ಭಾಷೆಯಲ್ಲಿ ನನಗೆ ಬೈಗುಳವೇ ಗೊತ್ತಿಲ್ಲ, ಸಿಟ್ಟು ಬಂದರೆ ಹೆಚ್ಚೆಂದರೆ ‘ಮಾಫ್ ಕರೋ’ ಅನ್ನಬಲ್ಲೆ. ಕೋಲಾರದ ಮಂಡಿಯಲ್ಲಿ ಮೆತ್ತಗೆ ಮಾತಾಡಿದವನ ಟೊಮೆಟೊ ಗಾಡಿಯಲ್ಲೇ ಹಣ್ಣಾಗಿ ಸಾರಾಗುತ್ತದೆ. ಇನ್ನು ಮಾಲೂರು. ಇದನ್ನು ಹೇಳಲು ಸ್ವಲ್ಪ ನಾಚಿಕೆ. ಆ ಗೇಟಿನಲ್ಲಿ ಹೋಗುವಾಗ ಬರುವಾಗ ಒಂದು ಚೀಟಿ ತುಂಬಿಸಬೇಕು. ನನಗೆ ಓದಲು ಬರುತ್ತಿರಲಿಲ್ಲ. ಮಾತಾಡಿದರೆ ಅದು ಗೊತ್ತಾಗಿಬಿಡುತ್ತದೆ ಅಂತ ಕೈಸನ್ನೆ ಮಾಡಿ ಚೀಟಿಯನ್ನು ಕಾವಲುಗಾರನ ಕೈಗೇ ಕೊಡುತ್ತಿದ್ದೆ. ಆಮೇಲೆ ಓದು ಬಂತು, ಪಾಸೂ ಆದೆ. ಆದರೆ ನಾಲ್ಕು ವರ್ಷ ಮೂಗನಾಗಿದ್ದವನು ಒಂದು ದಿನ ಎದ್ದು ‘ನಮಸ್ಕಾರ, ಹೇಗಿದ್ದೀರಿ’ ಅಂತ ಹೇಗೆ ಅನ್ನುವುದು? ಹಾಗೇ ಮುಂದುವರಿಯಿತು.

ಸಂಬಂಧ ಮುರಿಯಿತು ಅಂತಲೇ ಅಂದುಕೊಂಡೆವು. ಎಂಟು ದಿನದ ಮೇಲೆ ರಾಯಲ್ಪಾಡಿನಿಂದ ಹೇಳಿಕಳಿಸಿದರು. ಸರೋಜಳ ಅಜ್ಜಿಗೆ, ಅಂದರೆ ಮುನಿವೆಂಕಟಪ್ಪನವರ ತಾಯಿಗೆ, ಕೋಲಾರದಲ್ಲಿ ಕಣ್ಣು ತೋರಿಸಬೇಕಂತೆ. ಗಾಡಿ ತರಬೇಕಂತೆ. ಜೊತೆಗೆ ಸರೋಜ ಬರುತ್ತಾಳಂತೆ, ಮಾವನೂ ಬರುತ್ತಾರಂತೆ. ‘ಹೆಂಗಿದ್ರೂ ಬರ್ತೀರಲ್ಲ, ನಿಮ್ಮ ಮಾಮೂಲಿ ಲೋಡು ನಿಲ್ಲಿಸೋದು ಬೇಡ, ನಾಲ್ಕೂ ಊರು ಮುಗಿಸ್ಕೊಂಡೇ ಹೋಗೋಣ’ ಅಂತ ಒಂದು ಮಾತು ಸೇರಿಸಿದ್ದರು. ಕಣ್ಣು ತೋರಿಸಲು ನಾಲ್ಕು ಊರು ಯಾಕೆ ಬೇಕು ಅನ್ನುವುದು ನನ್ನಂಥ ದಡ್ಡನಿಗೂ ಅರ್ಥವಾಯಿತು. ಇದು ಸರೋಜಳ ಉಪಾಯ ಅಂತ ಆಮೇಲೆ ತಿಳಿಯಿತು.

ಎರಡು ದಿನ ಯೋಚಿಸಿದೆ. ನಾಲ್ಕು ಜನದಲ್ಲಿ ಒಬ್ಬನನ್ನು ಆರಿಸಿ ಇಡೀ ದಿನ ಅವನಾಗಿಯೇ ಇರುವುದು ಅಂತ ತೀರ್ಮಾನಿಸಿದೆ. ಆರಿಸುವುದೇನು ಕಷ್ಟವಲ್ಲ, ಹೆಣ್ಣಿನವರಿಗೆ ಬೇಕಾದವನು ಶ್ರೀನಿವಾಸಪುರದವನೇ. ಕನ್ನಡಿಯ ಮುಂದೆ ನಿಂತು ಕನ್ನಡದಲ್ಲಿ ಶರೀಫ್ ಆಗುವ ಅಭ್ಯಾಸ ಮಾಡಿದೆ.

ಬೆಳಗಿನ ಜಾವ ರಾಯಲ್ಪಾಡಿನಲ್ಲಿ ಮಾವಿನಕಾಯಿ ತುಂಬಿದೆವು. ಕ್ಯಾಬಿನ್ನಿನಲ್ಲಿ ನಾನು, ಆ ಕಡೆ ಕಿಟಕಿಗೆ ಸರೋಜ, ಮಧ್ಯೆ ಗೋಡೆಯ ಹಾಗೆ ಅಜ್ಜಿ. ಗೇರ್ ಹಾಕಬೇಕಾದಾಗಲೆಲ್ಲ ಅಜ್ಜಿಯ ಮೊಣಕಾಲಿಗೆ ಅನುಮತಿ ಕೇಳಬೇಕು. ಮುನಿವೆಂಕಟಪ್ಪನವರು ಹಿಂದೆ ಮಾವಿನಕಾಯಿಯ ಮೇಲೆ ಗೋಣಿ ಹಾಸಿ, ಡೈರಿ ಸಮೇತ ಕೂತರು. “ಮಾವಾ, ಸರಿಯಾಗಿ ಕೂತ ಮೇಲೆ ಕ್ಯಾಬಿನ್ ಮೇಲೆ ಎರಡು ಸಲ ಬಡೀರಿ. ಆಮೇಲೇ ಎತ್ತೋದು” ಅಂದೆ. ಅವರು ಅದನ್ನೂ ಬರೆದುಕೊಂಡರೇನೋ, ಬಡಿಯಲು ತುಂಬಾ ಹೊತ್ತು ಮಾಡಿದರು.

ಶ್ರೀನಿವಾಸಪುರದಲ್ಲಿ ನೂರಕ್ಕೆ ನೂರು. “ಆವೋ ಬೇಟಾ, ಬೈಠೋ” ಅಂದರು ಗಫೂರ್ ಸಾಬ್. ಅಜ್ಜಿಗೆ ಕುರ್ಚಿ ಹಾಕಿಸಿದರು, ಟೀ ತರಿಸಿದರು. ನಾನು ತಲೆ ತಗ್ಗಿಸಿ, ಕೈ ಕಟ್ಟಿ, ಅಳಿಯನಾಗಲು ಏನೇನು ಬೇಕೋ ಅಷ್ಟೂ ಆಗಿದ್ದೆ.

ಮುಳಬಾಗಿಲಿನಲ್ಲಿ ಟೊಮೆಟೊ ಹೇರಿಕೊಂಡು ದೋಸೆಗೆ ಹೋದೆವು. ಅದೇ ಹೋಟೆಲು. ನಾನು ಒಳಗೆ ಹೋಗಿ, “ದಯವಿಟ್ಟು ನಾಲ್ಕು ದೋಸೆ ಕೊಡ್ತೀರಾ?” ಅಂದೆ. ಭಟ್ಟ ದೋಸೆ ತಿರುವುವ ಕೈ ಹಾಗೇ ನಿಲ್ಲಿಸಿ, ಹಂಚು ಬಿಟ್ಟು ಈಚೆ ಬಂದು ನನ್ನ ಹಣೆ ಮುಟ್ಟಿ ನೋಡಿದ. “ಏಂರಾ, ಜ್ವರಮಾ?” ಅಂದ. ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲೀಕರು, “ಪಾಪ ಏನೋ ಸಾವುಗೀವು ಆಗಿರ್ಬೇಕು, ಬಿಡ್ರೋ” ಅಂದರು. ನಾಲ್ಕು ದೋಸೆಯೂ ಸೀದಿದ್ದವು. ನಾನು ನಗಿಸಿದರೂ ಸೀಯುತ್ತದೆ, ನಗಿಸದಿದ್ದರೂ ಸೀಯುತ್ತದೆ. ಸರೋಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಕೋಲಾರದ ಮಂಡಿಗೆ ಬಂದಾಗ ಬಿಸಿಲು ಏರಿತ್ತು. ಸಾಲಿನಲ್ಲಿ ನನ್ನದೇ ಮುಂದಿನ ಗಾಡಿ. ಒಬ್ಬ ಅಡ್ಡ ನುಗ್ಗಿದ. ನಾನು ಇಳಿದು, “ಅಣ್ಣಾ, ದಯವಿಟ್ಟು ಸ್ವಲ್ಪ ಹಿಂದಕ್ಕೆ ತಗೋತೀರಾ?” ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಇನ್ನೂ ಮುಂದಕ್ಕೆ ತಗೊಂಡ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಹನ್ನೊಂದು ಗಾಡಿ ಹೋದವು. ಮೇಲೆ ಮುನಿವೆಂಕಟಪ್ಪನವರು ತಲೆಗೆ ಟವಲ್ ಸುತ್ತಿ ಟೊಮೆಟೊದಷ್ಟೇ ಕೆಂಪಾಗಿದ್ದರು. ಅಜ್ಜಿ ತೆಲುಗಿನವರು, ಅವರ ಮಾತನ್ನು ಕನ್ನಡ ಮಾಡಿ ಬರೆಯುತ್ತೇನೆ: “ನಾಯನಾ, ನಿನ್ನ ಮರ್ಯಾದೆ ಮುಗಿಯೋ ಅಷ್ಟರಲ್ಲಿ ನನ್ನ ಇನ್ನೊಂದು ಕಣ್ಣೂ ಹೋಗುತ್ತೆ.”

ಸರೋಜ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೆಲ್ಲಗೆ, “ರೀ, ನಾವಿಲ್ಲಿ ಇಲ್ಲ ಅಂದ್ಕೊಳ್ಳಿ. ದಿನಾ ಏನ್ಮಾಡ್ತೀರೋ ಅದನ್ನೇ ಮಾಡಿ” ಅಂದಳು.

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಎರಡೂ ಕಿವಿಗೆ ಕೈ ಇಟ್ಟುಕೊಂಡು ತಲೆ ಆಡಿಸಿದರು.

“ಯಾವನ್ಲಾ ಅವ್ನು ಅಡ್ಡ ಹಾಕಿರೋನು! ಈ ಜಾಗ ನಿಮ್ಮ ತಾತ ಬರ್ಕೊಟ್ಟು ಹೋಗವ್ನಾ? ತಗೀಲಾ ನಿನ್ನ ತೊಟ್ಲು ಗಾಡೀನ! ಬೆಳಗಿಂದ ನಿಂತಿರೋರೇನು ಕಲ್ಲಾ? ಎತ್ತು ಅಂದ್ರೆ ಎತ್ತಬೇಕು!”

ಆ ಕಡೆಯಿಂದ ಹಮಾಲಿಗಳ ಮೇಸ್ತ್ರಿ ಕೂಗಿದ: “ಅಗೋ ಬಂದ್ನಪ್ಪಾ! ನಾವು ಯಾರೋ ಹೊಸಬ ಗಾಡಿ ತಂದವ್ನೆ ಅಂದ್ಕೊಂಡಿದ್ವಿ ಕಣ್ಲಾ!” ಅಡ್ಡ ನಿಂತಿದ್ದವನೇ ನಗುತ್ತಾ ಗಾಡಿ ಹಿಂದಕ್ಕೆ ತಗೊಂಡ, ಕ್ರೇಟು ಇಳಿಸಲು ಕೈಯನ್ನೂ ಕೊಟ್ಟ. ಅಲ್ಲಿ ಬೊಬ್ಬೆ ಅಂದರೆ ಸಿಟ್ಟಲ್ಲ, ಗುರುತಿನ ಚೀಟಿ. ಇದನ್ನು ಮುನಿವೆಂಕಟಪ್ಪನವರಿಗೆ ಹೇಳೋಣ ಅಂದರೆ ಅವರು ಬೆಚ್ಚಿ ಕ್ರೇಟುಗಳ ನಡುವೆ ಜಾರಿ, ಕನ್ನಡಕ ಹುಡುಕುತ್ತಿದ್ದರು. ಮಂಡಿಯಿಂದ ಹೊರಡುವಾಗ ದಾರಿ ಖಾಲಿ ಬಿದ್ದಿತ್ತು, ಹಿಂದಿನವರು ಹಾರನ್ ಮೇಲೆ ಹಾರನ್. ಮಾವ ಇನ್ನೂ ಕನ್ನಡಕವನ್ನೇ ಒರೆಸುತ್ತಿದ್ದರು. “ಮಾವ ಬಡೀಲಿ ಇರ್ರೋ!” ಅಂತ ಹಿಂದಿನವರ ಮೇಲೆ ಇನ್ನೊಂದು ಸಲ ಅರಚಿ ಕಾದೆ. ಎರಡು ಸಲ ಬಡಿದ ಮೇಲೆ ಗಾಡಿ ಎತ್ತಿದೆ.

ಅಜ್ಜಿಯ ಕಣ್ಣು ತೋರಿಸಿ, ಖಾಲಿ ರಟ್ಟಿನ ಪೆಟ್ಟಿಗೆ ಹೇರಿಕೊಂಡು ಮಾಲೂರಿಗೆ ಹೋದೆವು. ಅಷ್ಟು ಹೊತ್ತಿಗೆ ನನ್ನ ಶರೀಫ್‌ತನ ಮಂಡಿಯಲ್ಲೇ ಬಿದ್ದುಹೋಗಿತ್ತು. ಇನ್ನು ಮುಚ್ಚಿಡುವುದೇನು ಅನ್ನಿಸಿತು. ಕಾವಲುಗಾರ ಚೀಟಿ ತುಂಬಿಸಲು ಎಂದಿನ ಹಾಗೆ ಕೈ ಚಾಚಿದ. ನಾನು ಕೊಡಲಿಲ್ಲ. ಬಾನೆಟ್ಟಿನ ಮೇಲೆ ಚೀಟಿ ಇಟ್ಟು, ಒಂದೊಂದೇ ಪದ ಗಟ್ಟಿಯಾಗಿ ಓದುತ್ತಾ ತುಂಬಿಸಿದೆ. “ವಾಹನದ ಸಂಖ್ಯೆ... ಒಳಬಂದ ಸಮಯ... ಚಾಲಕನ ಸಹಿ.” ಮೂರನೇ ಕ್ಲಾಸಿನ ಹುಡುಗ ಪಾಠ ಒಪ್ಪಿಸಿದ ಹಾಗಿತ್ತು. ಕಾವಲುಗಾರ ಕುರ್ಚಿಯಿಂದ ಎದ್ದೇಬಿಟ್ಟ.

“ಅಯ್ಯೋ! ಮಾತು ಬಂತಾ ನಿನಗೆ? ಯಾವ ದೇವರಿಗೆ ಹರಕೆ ಹೊತ್ಕೊಂಡಿದ್ದೆ?”

“ಮುಂಚೆ ಓದಕ್ಕೆ ಬರ್ತಿರ್ಲಿಲ್ಲಣ್ಣಾ. ನಾಚ್ಕೆ ಆಗಿ ಸುಮ್ನಿರ್ತಿದ್ದೆ.”

ಅವನು ಗೇಟನ್ನು ಪೂರ್ತಿ ತೆಗೆದ. ಸರೋಜ ಮುಖ ತಿರುಗಿಸಿ ಕಿಟಕಿಯ ಆಚೆ ನೋಡತೊಡಗಿದಳು. ಆ ಕ್ಷಣ ಎಲ್ಲ ಮುಗಿಯಿತು ಅಂದುಕೊಂಡೆ.

ಸಾಯಂಕಾಲ ರಾಯಲ್ಪಾಡಿನ ಅವರ ಮನೆಯ ಜಗಲಿಯಲ್ಲಿ ಮುನಿವೆಂಕಟಪ್ಪನವರು ಮೈಮೇಲಿನ ಟೊಮೆಟೊ ರಸ ತೊಳೆದುಕೊಂಡು ಬಂದು ಕೂತರು. ಡೈರಿ ಬಿಚ್ಚಿದರು. “ಅವ್ವಾ, ನಾಲ್ಕಿದ್ದದ್ದು ಐದಾಯ್ತು. ಬೆಳಿಗ್ಗೆಯಿಂದ ದಯವಿಟ್ಟು ದಯವಿಟ್ಟು ಅಂತಿದ್ನಲ್ಲ, ಅವನ್ನ ಯಾವ ಊರಿನ ಲೆಕ್ಕಕ್ಕೆ ಹಾಕೋದು? ನಂಗೆ ಇವನು ತಿಳೀತಿಲ್ಲ. ತಿಳೀದೋನಿಗೆ ಹುಡುಗಿ ಹೆಂಗೆ ಕೊಡೋದು?”

ನನ್ನ ಕಾಫಿ ತಣ್ಣಗಾಗುತ್ತಿತ್ತು.

ಅಜ್ಜಿ ಕಣ್ಣಿಗೆ ಹಾಕಿದ್ದ ಔಷಧಿಯಿಂದ ಸುರಿಯುತ್ತಿದ್ದ ನೀರು ಒರೆಸಿಕೊಂಡು ಅಂದರು: “ಲೇ ಮುನೆಂಕಟಾ, ನನಗೆ ಇವತ್ತು ಕಣ್ಣು ಕಾಣ್ಲಿಲ್ಲ, ಕಿವಿ ಮುಚ್ಕೊಂಡಿದ್ದೆ. ಆದ್ರೂ ಒಂದು ಗೊತ್ತಾಯ್ತು. ನೀನು ಎರಡು ಸಲ ಬಡಿಯೋವರೆಗೂ ಅವನು ಎಲ್ಲೂ ಗಾಡಿ ಎತ್ತಲಿಲ್ಲ. ಸಾಬರ ಹತ್ರ ಮೆತ್ತಗಿದ್ದಾಗ್ಲೂ ಎತ್ತಲಿಲ್ಲ, ಆ ಸಂತೇಲಿ ದೆವ್ವದ ಥರ ಅರಚ್ತಿದ್ದಾಗ್ಲೂ ಎತ್ತಲಿಲ್ಲ. ನೀನೋ ಕನ್ನಡಕ ಒರೆಸ್ತಾ ಕೂತಿದ್ಯಂತೆ. ನಾನಾಗಿದ್ರೆ ನಿನ್ನ ಬೀಳಿಸ್ಕೊಂಡು ಹೋಗ್ತಿದ್ದೆ.”

ಅದನ್ನು ಯಾರಾದರೂ ಗಮನಿಸಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಕ್ಲೀನರಾಗಿದ್ದ ಕಾಲದಲ್ಲಿ ಒಬ್ಬ ಡ್ರೈವರ್ ನಾನು ಹತ್ತುವ ಮುಂಚೆಯೇ ಗಾಡಿ ಎತ್ತಿದ್ದರಿಂದ ಬಿದ್ದು ಮೂರು ತಿಂಗಳು ಕೈಗೆ ಕಟ್ಟು ಹಾಕಿಸಿಕೊಂಡಿದ್ದೆ. ಅಂದಿನಿಂದ ಬಂದ ಅಭ್ಯಾಸ. ಅಭ್ಯಾಸವನ್ನು ಗುಣ ಅಂತ ಯಾರಾದರೂ ಲೆಕ್ಕ ಹಾಕುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಮುನಿವೆಂಕಟಪ್ಪನವರು ಪೆನ್ನಿನ ಕ್ಯಾಪು ಹಾಕಿ ತೆಗೆದು, ತೆಗೆದು ಹಾಕಿ, ಕಡೆಗೆ ಅಂದರು: “ಸರಿ ಬಿಡವ್ವಾ. ವಿಳಾಸ ನಾಲ್ಕು, ಆಸಾಮಿ ಒಬ್ನೇ ಅಂತ ಬರ್ಕೋತೀನಿ. ಅಂಥ ಟಪಾಲೂ ಬರ್ತಿತ್ತು ಒಂದೊಂದು.” ಒಳಗೆ ಬಳೆಯ ಸದ್ದಾಯಿತು. ನಾನು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ.

ಇಷ್ಟನ್ನು ಒತ್ತಿ ಮುಗಿಸಲು ನನಗೆ ಆರು ದಿನ ಬೇಕಾಯಿತು. ನಿನ್ನೆ ಇಲ್ಲಿಯವರೆಗೆ ಬರೆದದ್ದನ್ನು ಸರೋಜಳಿಗೆ ಓದಿ ಹೇಳಿದೆ. ಅವಳು ಅವರೆಕಾಳು ಹಿದುಕುತ್ತಾ ಕೇಳಿಸಿಕೊಂಡಳು. ಹೊಗಳುತ್ತಾಳೆ ಅಂತ ಕಾದೆ.

“ಎಲ್ಲಾ ಸರಿ. ನಿಮ್ಮ ಕಡೆಯಿಂದ ನನ್ನ ಯಾರು ವಿಚಾರಿಸಿದ್ರು?” ಅಂದಳು.

ಯೋಚಿಸಿದೆ. ಯಾರೂ ಇಲ್ಲ. ನನ್ನನ್ನು ಒಪ್ಪುತ್ತಾರೋ ಇಲ್ಲವೋ ಅನ್ನುವ ಗಡಿಬಿಡಿಯಲ್ಲಿ ನಾವು ಅವಳನ್ನು ವಿಚಾರಿಸಲೇ ಇಲ್ಲ.

“ಒಳ್ಳೇದಾಯ್ತು ಬಿಡಿ” ಅಂದಳು. “ಆ ದಿನ ಗಾಡೀಲಿ ಅಷ್ಟು ಮೆತ್ತಗೆ ಕೂತಿದ್ದೋಳು ಯಾರು ಅಂದ್ಕೊಂಡಿದ್ರಿ? ಶ್ರೀನಿವಾಸಪುರ ದಾಟೋವರೆಗೂ ನಾನು ಉಸಿರು ಬಿಟ್ಟಿರ್ಲಿಲ್ಲ. ಅಲ್ಲಿ ಟೈಲರಿಂಗ್ ಕ್ಲಾಸಿಗೆ ಹೋಗ್ತಿದ್ನಲ್ಲ. ಈಗ್ಲೂ ಅಲ್ಲಿ ನನ್ನ ಹೆಸರು ಹೇಳಿದ್ರೆ ಟೀಚರು ಎದ್ದು ಬಾಗಿಲು ಹಾಕ್ಕೋತಾರೆ.”

“ಯಾಕೆ? ಏನ್ಮಾಡಿದ್ದೆ?”

“ನಾನ್ಯಾಕೆ ಹೇಳ್ಲಿ? ಹೋಗಿ ವಿಚಾರಿಸಿ.”

ಹದಿನೈದು ವರ್ಷ ಒಂದೇ ಸೂರಿನಡಿ ಇದ್ದೇವೆ. ನಾಲ್ಕು ಜನರಾಗಿರುವವನು ನಾನೊಬ್ಬನೇ ಅಂದುಕೊಂಡು, ಅದನ್ನೇ ದೊಡ್ಡ ಸಂಗತಿ ಅಂತ ನಿಮ್ಮ ಮುಂದೆ ಬಿಚ್ಚಿಡಲು ಹೊರಟಿದ್ದೆ. ಅವರೆಕಾಳಿನ ಮುಂದೆ ಕೂತವಳನ್ನು ನಿನ್ನೆ ಸಂಜೆಯಿಂದ ಹೊಸದಾಗಿ ನೋಡುತ್ತಿದ್ದೇನೆ. ಸ್ವಲ್ಪ ಭಯವೂ ಆಗುತ್ತಿದೆ, ಖುಷಿಯೂ ಆಗುತ್ತಿದೆ.

ಸೋಮವಾರ ಶ್ರೀನಿವಾಸಪುರಕ್ಕೆ ಲೋಡಿದೆ. ಆ ಟೈಲರಿಂಗ್ ಕ್ಲಾಸು ಬಸ್ ಸ್ಟ್ಯಾಂಡಿನ ಹಿಂದೆ ಇನ್ನೂ ನಡೆಯುತ್ತಿದೆಯಂತೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಬಾರದು ಅನ್ನುವಷ್ಟು ನನಗೂ ಗೊತ್ತು. ಆದರೆ ಹೋಗಿ ಏನು ನೆಪ ಹೇಳುವುದೋ ತೋಚುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಮದುವೆಯಾಗಿ ಇಷ್ಟು ವರ್ಷದ ಮೇಲೆ ಹೆಂಡತಿಯನ್ನೋ ಗಂಡನನ್ನೋ ವಿಚಾರಿಸಲು ಹೋಗಿದ್ದರೆ, ಅಲ್ಲಿ ಯಾರನ್ನು ಕಂಡಿರಿ ಅನ್ನುವುದನ್ನು ದಯವಿಟ್ಟು ಬರೆದು ತಿಳಿಸಿ. ಏನು ನೆಪ ಹೇಳಿದಿರಿ ಅನ್ನುವುದನ್ನೂ ಬರೆಯಿರಿ. ಆದಷ್ಟು ಸೋಮವಾರದೊಳಗೆ.